ಹಿತ್ತಲಿನಿಂದ ಕಾಡಿನ ಅಂಚಿನವರೆಗೆ: ಮಲೆನಾಡಿನ ಮಕ್ಕಳಿಗೆ ಸಸ್ತನಿಗಳನ್ನು ಪರಿಚಯಿಸುವ ಸಮಗ್ರ ಮಾರ್ಗದರ್ಶಿ

ನಾಲ್ಕರಿಂದ ಏಳನೇ ತರಗತಿವರೆಗಿನ ಮಕ್ಕಳಿಗೆ ಸಸ್ತನಿಗಳ ಬಗ್ಗೆ ಕಲಿಸಲು ಹೊರಟ ಶಿಕ್ಷಕರಿಗೆ ಮತ್ತು ಮನೆಯ ಹಿರಿಯರಿಗೆ ಈ ಬರಹ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆ ಇರುವವರು ಗೋಡೆಪಟದ ಜಿರಾಫೆ, ಜೀಬ್ರಾಗಳಿಂದ ಪಾಠ ಶುರುಮಾಡಬೇಕಿಲ್ಲ. ಕೊಟ್ಟಿಗೆಯ ದನ, ಅಟ್ಟದ ಇಲಿ, ಹೆಂಚಿನ ಸಂದಿಯ ಬಾವಲಿ, ತೋಟಕ್ಕೆ ಬರುವ ಮಂಗ ಇಷ್ಟರಲ್ಲೇ ಸಸ್ತನಿಗಳ ನಾಲ್ಕು ದೊಡ್ಡ ಗುಂಪುಗಳು ಸಿಕ್ಕಿಬಿಡುತ್ತವೆ. ಮಗು ತಾನೇ ಕಂಡು, ಎಣಿಸಿ, ಅಳೆದು ಒಪ್ಪಿಕೊಳ್ಳಬಹುದಾದ ಸಾಕ್ಷಿ ಮೊದಲು ಬರಲಿ, ಹೆಸರು ಆಮೇಲೆ. ಈ ಕ್ರಮ ತಿರುಗುಮುರುಗಾದರೆ ಪಾಠ ಬರೀ ಬಾಯಿಪಾಠವಾಗುತ್ತದೆ.

ಒಳ್ಳೆಯ ಕಾಲವೆಂದರೆ ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ಕೊನೆಯಿಂದ ನವೆಂಬರ್ ಮುಗಿಯುವವರೆಗೆ. ಆಗ ನೆಲದಲ್ಲಿ ಇನ್ನೂ ಪಸೆ ಇರುತ್ತದೆ, ಬೆಳಗಿನ ಇಬ್ಬನಿಗೆ ಮಣ್ಣು ಹೆಜ್ಜೆಯನ್ನು ಚೆನ್ನಾಗಿ ಹಿಡಿಯುತ್ತದೆ. ಆಷಾಢದ ಮಳೆಯಲ್ಲಿ ಹೆಜ್ಜೆ ಗುರುತು ಒಂದು ಗಂಟೆಯೂ ನಿಲ್ಲುವುದಿಲ್ಲ.

ಶುರುಮಾಡುವ ಮೊದಲು ತಿಳಿದಿರಬೇಕಾದ್ದು

ಮಂಗನ ಕಾಯಿಲೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅದರ ವೈರಸ್ ಮೊದಲು ಪತ್ತೆಯಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಹರಡುವುದು ಉಣುಗಿನ ಕಡಿತದಿಂದ. ಡಿಸೆಂಬರ್‌ನಿಂದ ಮೇವರೆಗೆ ಎಳೆಯ ಉಣುಗುಗಳ ಕಾಟ ಹೆಚ್ಚು, ಅವು ಕಣ್ಣಿಗೆ ಬೀಳದಷ್ಟು ಸಣ್ಣವು. ಹಾಗಾಗಿ ಆ ತಿಂಗಳುಗಳಲ್ಲಿ ಮಕ್ಕಳನ್ನು ಕಾಡಿನೊಳಗೆ, ತರಗೆಲೆ ಬಿದ್ದ ಸೊಪ್ಪಿನ ಬೆಟ್ಟಕ್ಕೆ ಕರೆದೊಯ್ಯಬೇಡಿ. ಇಲ್ಲಿ ಹೇಳಿರುವ ಕೆಲಸಗಳೆಲ್ಲ ಶಾಲೆಯ ಆವರಣ, ಕೊಟ್ಟಿಗೆ, ಗುಡಿಸಿಟ್ಟ ತೋಟದ ದಾರಿಯಲ್ಲೇ ಆಗುವಂಥವು. ಕಾಯಿಲೆ ಕಾಣಿಸಿಕೊಂಡ ಊರಾದರೆ ಉಣುಗು ಹತ್ತದಂತೆ ತಡೆಯಲು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಅವರು ಹೇಳಿದಂತೆ ಹಚ್ಚಿ, ಮರಳಿ ಬಂದ ಮೇಲೆ ಬಿಸಿನೀರು, ಸೋಪಿನ ಸ್ನಾನ ಮಾಡಿಸಿ, ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಸುದ್ದಿ ಮುಟ್ಟಿಸಬೇಕು.

ಜೀವಂತ ಕಾಡುಪ್ರಾಣಿ, ಸತ್ತ ಪ್ರಾಣಿ, ಹಿಕ್ಕೆ, ಬಾವಲಿ ಚೀಪಿದ ಹಣ್ಣು ಯಾವುದನ್ನೂ ಬರಿಗೈಯಲ್ಲಿ ಮುಟ್ಟಬಾರದು. ನೋಡಲೇಬೇಕಿದ್ದರೆ ಕಡ್ಡಿಯಿಂದ ತಿರುಗಿಸಿ. ನಾಯಿ, ಬೆಕ್ಕು, ಮಂಗ, ಬಾವಲಿ ಯಾವುದೇ ಕಚ್ಚಿದರೂ ಪರಚಿದರೂ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ.

ಮಕ್ಕಳು ಮುಳ್ಳುಹಂದಿಯ ಮುಳ್ಳು, ಉದುರಿದ ಕಡವೆ ಕೊಂಬು, ಚಿಪ್ಪುಹಂದಿಯ ಚಿಪ್ಪು ತರಲು ಉತ್ಸಾಹ ತೋರಿಸುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಕಾಡುಪ್ರಾಣಿಗಳ ಅಂಗಾಂಗ ಸಂಗ್ರಹಿಸುವಂತಿಲ್ಲ. ಕಂಡದ್ದರ ಚಿತ್ರ ಬರೆಯಲಿ, ಫೋಟೊ ತೆಗೆಯಲಿ, ವಸ್ತು ಅಲ್ಲೇ ಇರಲಿ.

ಮೊದಲ ಹಂತ: ಕೊಟ್ಟಿಗೆಯಲ್ಲಿ ಲಕ್ಷಣಗಳನ್ನು ಹುಡುಕುವುದು

ಆರೇಳು ಮಕ್ಕಳ ಗುಂಪಿಗೆ ಒಂದು ಸಾಧು ಹಸು, ಅದರ ಕರು, ಪಕ್ಕದಲ್ಲಿ ಅದನ್ನು ಸಾಕಿದವರು ಇದ್ದರೆ ಸಾಕು. ಹೊಸದಾಗಿ ಕರು ಹಾಕಿದ ಹಸು ಬೇಡ, ಅದು ಹಾಯುತ್ತದೆ.

ಸಸ್ತನಿ ಎನ್ನಲು ಎರಡು ಲಕ್ಷಣಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಹಾಲು ಮತ್ತು ಕೂದಲು. ‘ಮರಿ ಹಾಕುವುದೇ ಸಸ್ತನಿ’ ಎಂದು ಕಲಿಸುವುದು ಈ ಪಾಠದಲ್ಲಿ ಆಗುವ ಅತಿ ದೊಡ್ಡ ತಪ್ಪು. ನಮ್ಮ ಗದ್ದೆ ಬದುವಿನ ಕೊಳಕುಮಂಡಲ ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ, ಆದರೂ ಅದು ಹಾವು. ಆಸ್ಟ್ರೇಲಿಯಾದ ಪ್ಲಾಟಿಪಸ್ ಮೊಟ್ಟೆಯಿಡುತ್ತದೆ, ಆದರೂ ಸಸ್ತನಿ. ಅದಕ್ಕೆ ಮೊಲೆತೊಟ್ಟು ಇಲ್ಲ, ಹಾಲು ಹೊಟ್ಟೆಯ ಚರ್ಮದ ಮೇಲೆ ಒಸರುತ್ತದೆ, ಮರಿ ಅದನ್ನು ನೆಕ್ಕಿಕೊಳ್ಳುತ್ತದೆ.

ಹಾಲಿನಿಂದ ಶುರುಮಾಡಿ. ಹಸುವಿನ ಕೆಚ್ಚಲಿನಲ್ಲಿ ನಾಲ್ಕು ಮೊಲೆ, ಮೇಕೆಗೆ ಎರಡು, ಬೀದಿನಾಯಿಗೆ ಸಾಮಾನ್ಯವಾಗಿ ಎಂಟರಿಂದ ಹತ್ತು, ಹಂದಿಗೆ ಹನ್ನೆರಡು ಅಥವಾ ಇನ್ನೂ ಹೆಚ್ಚು. ಇವುಗಳ ಪಕ್ಕದಲ್ಲಿ ಒಂದು ಸೂಲಿಗೆ ಎಷ್ಟು ಮರಿ ಎಂದು ಮಕ್ಕಳೇ ಮನೆಯಲ್ಲಿ ಕೇಳಿ ಬರೆಯಲಿ. ಮರಿಗಳ ಸಂಖ್ಯೆ ಹೆಚ್ಚಾಗಿ ಮೊಲೆಗಳ ಅರ್ಧದ ಆಸುಪಾಸಿನಲ್ಲೋ ಅದಕ್ಕಿಂತ ಕಡಿಮೆಯೋ ಇರುವುದು ಪಟ್ಟಿ ಮಾಡಿದಾಗ ಕಾಣುತ್ತದೆ. ಮಕ್ಕಳು ಮುಜುಗರದಿಂದ ನಗಬಹುದು. ಗದರಬೇಡಿ. ಕರು ಕೆಚ್ಚಲಿಗೆ ಗುದ್ದಿ ಗುದ್ದಿ ಹಾಲು ಇಳಿಸಿಕೊಳ್ಳುವುದನ್ನು ತೋರಿಸುತ್ತ ಸಹಜವಾಗಿ ಮಾತಾಡಿದರೆ ಎರಡು ನಿಮಿಷದಲ್ಲಿ ನಗು ನಿಂತು ಪ್ರಶ್ನೆ ಬರುತ್ತದೆ.

ಕೂದಲಿಗೆ ಹಸುವಿನ ಬಾಲದ ಕುಚ್ಚು, ರೆಪ್ಪೆ, ಕಿವಿಯೊಳಗಿನ ರೋಮ ತೋರಿಸಿ. ಮುಳ್ಳುಹಂದಿಯ ಮುಳ್ಳು ಸಹ ದಪ್ಪಗಾದ ಕೂದಲೇ. ಚಿಪ್ಪುಹಂದಿಯ ಚಿಪ್ಪು ನಮ್ಮ ಉಗುರಿನ ವಸ್ತುವಾದ ಕೆರಾಟಿನ್‌ನಿಂದ ಆದದ್ದು, ಅದರ ಹೊಟ್ಟೆಯ ಭಾಗದಲ್ಲಿ ರೋಮವಿದೆ. ಡಾಲ್ಫಿನ್ ಮರಿಗೂ ಹುಟ್ಟುವಾಗ ಮೂತಿಯ ಮೇಲೆ ಕೆಲವೇ ಕೆಲವು ಕೂದಲುಗಳಿರುತ್ತವೆ.

ಹಲ್ಲು ತೋರಿಸಲು ಸಾಕಿದವರೇ ಹಸುವಿನ ತುಟಿ ಎತ್ತಲಿ, ಮಕ್ಕಳು ಬಾಯೊಳಗೆ ಕೈ ಹಾಕುವುದು ಬೇಡ. ಕೆಳಗೆ ಮುಂದುಗಡೆ ಎಂಟು ಹಲ್ಲು, ಮೇಲೆ ಮುಂದುಗಡೆ ಒಂದೂ ಇಲ್ಲ, ಬರೀ ಗಟ್ಟಿ ವಸಡು. ಹುಲ್ಲನ್ನು ನಾಲಿಗೆಯಿಂದ ಸುತ್ತಿ, ಕೆಳಹಲ್ಲನ್ನು ಆ ವಸಡಿಗೆ ಒತ್ತಿ ಹರಿಯುತ್ತದೆ. ಮಲಗಿ ಮೆಲುಕು ಹಾಕುವಾಗ ಒಂದು ತುತ್ತನ್ನು ಎಷ್ಟು ಸಲ ಅಗಿಯುತ್ತದೆ ಎಂದು ಎಣಿಸಲು ಬಿಡಿ, ಹೆಚ್ಚಾಗಿ 40ರಿಂದ 60ರ ನಡುವೆ ಬರುತ್ತದೆ. ನಂತರ ಆಕಳಿಸುವ ನಾಯಿಯ ಕೋರೆಹಲ್ಲು ನೋಡಲಿ. ಇಲಿಯ ಮುಂದಿನ ಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತದೆ, ಕಡಿದು ಸವೆಸದಿದ್ದರೆ ಬಾಯಿ ಮುಚ್ಚಲಾಗದಷ್ಟು ಉದ್ದವಾಗುತ್ತದೆ. ಅಟ್ಟದ ಮರ, ವಯರು, ಸೋಪು ಎಲ್ಲವನ್ನೂ ಅದು ಕಡಿಯುವುದಕ್ಕೆ ಇದೂ ಒಂದು ಕಾರಣ.

ಕೊನೆಗೆ ಕಾಲು. ಮಕ್ಕಳನ್ನು ಬರಿಗಾಲಲ್ಲಿ ನಿಲ್ಲಿಸಿ. ಅಂಗಾಲು ಪೂರ್ತಿ ಊರಿದರೆ ಅದು ಕರಡಿಯ, ಮಂಗನ ನಡಿಗೆ. ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಂತರೆ ನಾಯಿ, ಬೆಕ್ಕು. ಬೆರಳ ತುದಿಯ ಉಗುರಿನ ಮೇಲೆ ನಿಲ್ಲುವುದು ನಮಗಾಗದು, ಹಸು, ಜಿಂಕೆ, ಹಂದಿ ನಿಲ್ಲುವುದು ಹಾಗೆಯೇ, ಗೊರಸೇ ಅವುಗಳ ಉಗುರು. ಹಸುವಿನ ಹಿಂಗಾಲು ಹಿಂದಕ್ಕೆ ಮಡಚಿದಂತೆ ಕಾಣುವ ಗಂಟು ಮೊಣಕಾಲಲ್ಲ, ಅದು ಹಿಮ್ಮಡಿ. ಇದನ್ನು ಮಕ್ಕಳು ಸುಲಭಕ್ಕೆ ನಂಬುವುದಿಲ್ಲ. ಬೆರಳ ಮೇಲೆ ನಿಂತ ಗೆಳೆಯನ ಕಾಲು ಮತ್ತು ಹಸುವಿನ ಕಾಲನ್ನು ಅಕ್ಕಪಕ್ಕ ಚಿತ್ರ ಬರೆಸಿದರೆ ತಾವೇ ಕಂಡುಕೊಳ್ಳುತ್ತಾರೆ.

ಸಮಯ ಉಳಿದರೆ ಕತ್ತಿನ ಮೂಳೆಯ ವಿಷಯ ಹೇಳಿ. ತಲೆ ಬಗ್ಗಿಸಿ ಕತ್ತಿನ ಹಿಂದೆ ಬೆರಳಾಡಿಸಿದರೆ ಬುಡದಲ್ಲಿ ಎದ್ದು ಕಾಣುವ ಗುಬುಟು ಸಾಮಾನ್ಯವಾಗಿ ಏಳನೆಯ ಮೂಳೆ. ಇಲಿಗೂ ಜಿರಾಫೆಗೂ ಕತ್ತಿನಲ್ಲಿ ಏಳೇ ಮೂಳೆ. ಮರಕ್ಕೆ ಜೋತು ನಿಧಾನವಾಗಿ ಚಲಿಸುವ ಸ್ಲಾತ್, ನೀರಿನಲ್ಲೇ ಬದುಕುವ ಮ್ಯಾನಟಿಯಂಥ ಬೆರಳೆಣಿಕೆಯ ಪ್ರಾಣಿಗಳಲ್ಲಿ ಮಾತ್ರ ಈ ಲೆಕ್ಕ ತಪ್ಪುತ್ತದೆ.

ಎರಡನೆಯ ಹಂತ: ಇಪ್ಪತ್ತು ಅಡಿಕೆಯ ಲೆಕ್ಕ

ಜಗತ್ತಿನಲ್ಲಿ ಈವರೆಗೆ ಗುರುತಿಸಿರುವ ಸಸ್ತನಿ ಪ್ರಭೇದಗಳು ಸುಮಾರು 6,500. ಈ ಸಂಖ್ಯೆ ಮಗುವಿನ ತಲೆಯಲ್ಲಿ ನಿಲ್ಲದು. 20 ಒಣ ಅಡಿಕೆ ತನ್ನಿ, ಎಲ್ಲ ಸಸ್ತನಿಗಳೂ ಸೇರಿ ಈ ಇಪ್ಪತ್ತು ಎಂದು ಹೇಳಿ ಹಂಚಿ. ಇಲಿ, ಅಳಿಲು, ಮುಳ್ಳುಹಂದಿಯಂಥ ದಂಶಕಗಳಿಗೆ 8. ಬಾವಲಿಗಳಿಗೆ 4. ಸೊಂಡಿಲಿ ಮತ್ತು ಅದರ ಬಳಗಕ್ಕೆ 2. ಮಂಗ, ಕಾಡುಪಾಪ, ಮನುಷ್ಯರ ಗುಂಪಿಗೆ 2. ದನ, ಜಿಂಕೆ, ಹಂದಿ ಮತ್ತು ಅವುಗಳ ದೂರದ ನೆಂಟರಾದ ತಿಮಿಂಗಿಲಗಳಿಗೆ ಒಟ್ಟಾಗಿ 1. ಹುಲಿ, ನಾಯಿ, ಕರಡಿ, ಮುಂಗುಸಿ, ನೀರುನಾಯಿಗಳ ಗುಂಪಿಗೆ 1. ಕಾಂಗರೂವಿನಂಥ ಸಂಚಿಪ್ರಾಣಿಗಳಿಗೆ 1. ಆನೆ, ಕುದುರೆ, ಮೊಲ, ಚಿಪ್ಪುಹಂದಿ, ಪ್ಲಾಟಿಪಸ್ ಮೊದಲಾದ ಉಳಿದವೆಲ್ಲ ಸೇರಿ ಕೊನೆಯ 1. ಇದು ಹತ್ತಿರದ ಪೂರ್ಣಸಂಖ್ಯೆಗೆ ತಂದ ಲೆಕ್ಕ, ಕಲಿಕೆಗೆ ಸಾಕು.

ಅಡಿಕೆ ಹಂಚಿದ ಮೇಲೆ ಮಕ್ಕಳ ಮುಖ ನೋಡಬೇಕು. ಹುಲಿ, ಸಿಂಹ, ಚಿರತೆಗಳ ಗುಂಪಿಗೆ ಒಂದೇ ಅಡಿಕೆ, ಇಲಿ ಬಳಗಕ್ಕೆ ಎಂಟು! ಸಸ್ತನಿ ಲೋಕದ ಬಹುಪಾಲು ಸಣ್ಣದು, ಅದರಲ್ಲಿ ಹೆಚ್ಚಿನವು ರಾತ್ರಿ ಓಡಾಡುವಂಥವು ಎಂಬುದು ಇಲ್ಲಿ ತಾನಾಗಿ ಮನಸ್ಸಿಗೆ ಇಳಿಯುತ್ತದೆ.

ಈಗ ಊರಿನ ಪ್ರಾಣಿಗಳ ಹೆಸರು ಬರೆದ ಚೀಟಿಗಳನ್ನು ಗುಂಪುಗಳಿಗೆ ಸೇರಿಸಲು ಬಿಡಿ. ತಪ್ಪುಗಳು ಎಲ್ಲಿ ಆಗುತ್ತವೆ ಎಂದು ಮೊದಲೇ ಗೊತ್ತಿರಲಿ. ಚಿಪ್ಪುಹಂದಿ, ಮುಳ್ಳುಹಂದಿ ಎರಡನ್ನೂ ಹಂದಿಯ ಜೊತೆ ಇಡುತ್ತಾರೆ, ಹಾರುವ ಬೆಕ್ಕನ್ನು ಬೆಕ್ಕಿನ ಜೊತೆ, ಕಾಡುಕುರಿಯನ್ನು ಕುರಿಯ ಜೊತೆ. ಹಾರುವ ಬೆಕ್ಕು ಅಳಿಲಿನ ಜಾತಿ, ಕಾಡುಕುರಿ ಜಿಂಕೆಯ ಜಾತಿ, ನೀರುನಾಯಿಗೂ ನಾಯಿಗೂ ನೆಂಟಸ್ತಿಕೆ ದೂರ, ಸೊಂಡಿಲಿ ಇಲಿಯೇ ಅಲ್ಲ. ‘ತಪ್ಪು’ ಎನ್ನುವ ಬದಲು ‘ಹಲ್ಲು ಹೇಗಿದೆ, ಕಾಲು ಹೇಗಿದೆ’ ಎಂದು ಕೇಳಿ. ಸೊಂಡಿಲಿಗೆ ಇಲಿಯ ಉಳಿಯಂಥ ಹಲ್ಲಿಲ್ಲ, ಹುಳು ಹಿಡಿಯುವ ಚೂಪು ಹಲ್ಲಿದೆ, ಜಿರಳೆಯೇ ಅದಕ್ಕೆ ಹಬ್ಬದೂಟ. ಮನೆಯೊಳಗೆ ಗೋಡೆಗುಂಟ ಓಡುವ ಸೊಂಡಿಲಿಯನ್ನು ಹೊಡೆಯದಿರಲು ಇಷ್ಟು ಕಾರಣ ಸಾಕು.

ಕೊಂಬಿನ ವ್ಯತ್ಯಾಸವನ್ನೂ ಇಲ್ಲೇ ಹೇಳಿಬಿಡಿ. ದನ, ಕಾಟಿಯ (ಕಾಡುಕೋಣ) ಕೊಂಬು ಮೂಳೆಯ ತಿರುಳಿನ ಮೇಲೆ ಕೆರಾಟಿನ್ ಕವಚ, ಜೀವನಪೂರ್ತಿ ಉಳಿಯುತ್ತದೆ. ಕಡವೆ, ಚುಕ್ಕಿ ಜಿಂಕೆಗಳದ್ದು ಬರೀ ಮೂಳೆ, ಗಂಡಿಗೆ ಮಾತ್ರ, ಉದುರಿ ಮತ್ತೆ ಬೆಳೆಯುತ್ತದೆ. ಪುಟ್ಟ ಜಿಂಕೆಯಂತೆ ಕಾಣುವ ಬರಿಂಕಕ್ಕೆ ಕೊಂಬೇ ಇಲ್ಲ, ಗಂಡಿಗೆ ಪುಟ್ಟ ಕೋರೆಹಲ್ಲಿದೆ. ಸುಮಾರು ಮೂರು ಕಿಲೊ ತೂಗುವ ಬರಿಂಕವೂ ಸಾವಿರ ಕಿಲೊ ಮುಟ್ಟಬಲ್ಲ ಗಂಡು ಕಾಟಿಯೂ ಒಂದೇ ಅಡಿಕೆಯೊಳಗೆ ಸೇರುತ್ತವೆ.

ಮೂರನೆಯ ಹಂತ: ಹೆಜ್ಜೆಮಡಿ

ರಾತ್ರಿ ಓಡಾಡುವ ಪ್ರಾಣಿಗಳನ್ನು ಮಕ್ಕಳಿಗೆ ತೋರಿಸುವುದು ಕಷ್ಟ, ಅವುಗಳ ಹೆಜ್ಜೆ ತೋರಿಸುವುದು ಸುಲಭ. ಸಸಿ ಮಡಿಯಂತೆಯೇ ಒಂದು ಹೆಜ್ಜೆಮಡಿ ಮಾಡಿ. ಉದ್ದ ಅಗಲ ಒಂದೊಂದು ಮೀಟರು, ದಪ್ಪ 3 ಸೆಂಟಿಮೀಟರು. ಇದಕ್ಕೆ 30 ಲೀಟರ್ ಮಣ್ಣು, ಅಂದರೆ 15 ಲೀಟರ್ ಬಕೆಟ್‌ನಲ್ಲಿ ಎರಡು ಬಕೆಟ್ ಬೇಕು.

ನಮ್ಮ ಕೆಂಪು ಮಣ್ಣನ್ನೊಂದೇ ಹಾಕಿದರೆ ಒದ್ದೆಯಾದಾಗ ಕಾಲಿಗೆ ಅಂಟಿ ಎದ್ದುಬರುತ್ತದೆ, ಒಣಗಿದಾಗ ಬಿರಿಯುತ್ತದೆ. ಬರೀ ಹೊಳೆಮರಳಾದರೆ ಹೆಜ್ಜೆಯ ಅಂಚು ಕುಸಿಯುತ್ತದೆ. ಎರಡು ಪಾಲು ನಯವಾದ ಮರಳು, ಒಂದು ಪಾಲು ಕೆಂಪು ಮಣ್ಣು ಸರಿಯಾದ ಹದ: ಮರಳು 20 ಲೀಟರ್, ಮಣ್ಣು 10 ಲೀಟರ್. ಎರಡನ್ನೂ ಅಕ್ಕಿ ಜರಡಿಯಂಥ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಬೇಕು. ನೆಲದ ಹುಲ್ಲು ಕೆತ್ತಿ, ಮಟ್ಟ ಮಾಡಿ, ಮಿಶ್ರಣ ಹರಡಿ, ನೇರವಾದ ರೀಪಿನಿಂದ ಎಳೆದು ಸಮ ಮಾಡಿ. ಸಂಜೆ ಅರ್ಧ ಲೀಟರ್ ನೀರನ್ನು ಹನಿಹನಿಯಾಗಿ ಚಿಮುಕಿಸಿ. ಹದ ನೋಡಲು ಮೂಲೆಯಲ್ಲಿ ಅಂಗೈ ಒತ್ತಿ. ಬೆರಳ ಗೆರೆಗಳು ಮೂಡಿದರೆ ಸರಿ, ಅಂಗೈಗೆ ಮಣ್ಣು ಮೆತ್ತಿಕೊಂಡರೆ ನೀರು ಹೆಚ್ಚಾಗಿದೆ, ಅಂಚು ಉದುರಿದರೆ ಇನ್ನಷ್ಟು ಬೇಕು.

ಜಾಗದ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಅಂಗಳದ ನಡುವೆ ಮಾಡಿದರೆ ಕೋಳಿ, ನಾಯಿ ಬಿಟ್ಟರೆ ಬೇರೇನೂ ಸಿಗದು. ಬೇಲಿಯ ಕಂಡಿ, ತೋಟದ ಸಂಕದ ತುದಿ, ಬಾವಿಕಟ್ಟೆಯ ಹಿಂದೆ, ಗೊಬ್ಬರಗುಂಡಿಯ ಪಕ್ಕ ಇವು ಪ್ರಾಣಿಗಳು ನಡೆದಾಡುವ ದಾರಿಗಳು. ಸೂರಿನ ನೀರು ಬೀಳುವ ಜಾಗ, ಮರದ ಹನಿ ತೊಟ್ಟಿಕ್ಕುವ ಜಾಗ ಬೇಡ. ಪ್ರಾಣಿಗಳು ಬರಲೆಂದು ಹಣ್ಣು, ಅನ್ನ ಇಡಬೇಡಿ. ಅದು ಮಂಗ, ಕಾಡುಹಂದಿಗಳಿಗೆ ಶಾಲೆಯ ದಾರಿ ಕಲಿಸಿದಂತಾಗುತ್ತದೆ, ಆಮೇಲೆ ಅವನ್ನು ಬಿಡಿಸುವುದು ಕಷ್ಟ.

ಬೆಳಿಗ್ಗೆ ಬಿಸಿಲೇರುವ ಮೊದಲು ನೋಡಬೇಕು. ಓರೆಬಿಸಿಲಿನಲ್ಲಿ ನೆರಳು ಬಿದ್ದು ಹೆಜ್ಜೆ ಎದ್ದು ಕಾಣುತ್ತದೆ, ನಡುಹಗಲಲ್ಲಿ ಅದೇ ಹೆಜ್ಜೆ ಮಾಯ. ಪಕ್ಕದಲ್ಲಿ 15 ಸೆಂಟಿಮೀಟರ್ ಸ್ಕೇಲ್ ಇಟ್ಟು, ನೇರ ಮೇಲಿನಿಂದ ಫೋಟೊ ತೆಗೆಯಿರಿ.

ಓದುವುದು ಹೀಗೆ. ನಾಲ್ಕು ಬೆರಳು, ತುದಿಯಲ್ಲಿ ಉಗುರಿನ ಚುಕ್ಕಿ ಇದ್ದರೆ ನಾಯಿ. ನಾಲ್ಕು ಬೆರಳು, ಉಗುರಿಲ್ಲ, ದುಂಡಗೆ, ಹಿಂದಿನ ಮೆತ್ತೆಯ ಕೆಳಅಂಚಿನಲ್ಲಿ ಮೂರು ಉಬ್ಬು ಇದ್ದರೆ ಬೆಕ್ಕಿನ ಜಾತಿ, ನಡೆಯುವಾಗ ಅವು ಉಗುರು ಒಳಗೆಳೆದುಕೊಂಡಿರುತ್ತವೆ. ಮನೆಬೆಕ್ಕಿನದು ಮೂರು, ಮೂರೂವರೆ ಸೆಂಟಿಮೀಟರು. ಉಗುರಿಲ್ಲದ ಇದೇ ಆಕಾರ 6 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ ಚಿರತೆ ಇರಬಹುದು. ಆ ದಿನ ಪಾಠ ಅಲ್ಲಿಗೇ ನಿಲ್ಲಿಸಿ, ಮಕ್ಕಳನ್ನು ಒಳಗೆ ಕರೆದು, ಅರಣ್ಯ ಇಲಾಖೆಗೆ ತಿಳಿಸಿ. ಐದು ಬೆರಳು, ಉಗುರಿನ ಗುರುತು ಇದ್ದರೆ ಮುಂಗುಸಿ ಇರಬಹುದು. ಪುನುಗು ಬೆಕ್ಕಿಗೂ ಐದು ಬೆರಳು, ಮನೆಬೆಕ್ಕಿನಿಂದ ಅದನ್ನು ಬೇರ್ಪಡಿಸುವ ಸುಲಭ ಗುರುತು ಇದೇ. ಇಲಿ, ಅಳಿಲುಗಳಿಗೆ ಮುಂಗಾಲಲ್ಲಿ ನಾಲ್ಕು, ಹಿಂಗಾಲಲ್ಲಿ ಐದು. ಹೆಬ್ಬೆರಳು ಪಕ್ಕಕ್ಕೆ ಸರಿದ ಪುಟ್ಟ ಅಂಗೈಯಂತಿದ್ದರೆ ಮಂಗ. ಎರಡು ಗೊರಸಿನ ಹಿಂದೆ ಅಗಲವಾಗಿ ಎರಡು ಚುಕ್ಕಿ ಒತ್ತಿದ್ದರೆ ಹಂದಿ. ಮೊಲದ ಗುರುತನ್ನು ಒಂದೊಂದಾಗಿ ನೋಡದೆ ನಾಲ್ಕನ್ನೂ ಒಟ್ಟಿಗೆ ನೋಡಬೇಕು: ಮುಂಗಾಲು ಎರಡೂ ಒಂದರ ಹಿಂದೊಂದು, ಹಿಂಗಾಲು ಎರಡೂ ಅವುಗಳ ಮುಂದೆ ಅಕ್ಕಪಕ್ಕ.

ಹೆಚ್ಚಿನ ದಿನ ಸಿಗುವುದು ಕೋಳಿ, ಕಪ್ಪೆ, ಬಸವನಹುಳುವಿನ ಗುರುತು. ಅದನ್ನೂ ಬರೆಯಿಸಿ. ಸಸ್ತನಿಯಲ್ಲದ್ದನ್ನು ಗುರುತಿಸುವುದೂ ಇದೇ ಪಾಠದ ಭಾಗ.

ಹೆಜ್ಜೆಯ ಅಚ್ಚು ತೆಗೆಯುವುದು

ಹಾರ್ಡ್‌ವೇರ್ ಅಂಗಡಿಯ ಪ್ಲಾಸ್ಟರ್ ಆಫ್ ಪ್ಯಾರಿಸ್ ಒಂದು ಕಿಲೊ, ಪ್ಲಾಸ್ಟಿಕ್ ಬಾಟಲಿಯಿಂದ ಕತ್ತರಿಸಿದ 4 ಸೆಂಟಿಮೀಟರ್ ಅಗಲದ ಪಟ್ಟಿ, ಹಳೆಯ ಮಗ್ಗು, ಕೋಲು ಇಷ್ಟು ಸಾಕು.

1. ಹೆಜ್ಜೆಯ ಸುತ್ತ ಪಟ್ಟಿಯನ್ನು ಬಳೆಯಂತೆ ನಿಲ್ಲಿಸಿ, ಒಂದು ಸೆಂಟಿಮೀಟರ್ ಮಣ್ಣಿಗೆ ಒತ್ತಿ. ನಾಯಿಯ ಹೆಜ್ಜೆಗೆ 12 ಸೆಂಟಿಮೀಟರ್ ವ್ಯಾಸ ಸಾಕು. ಹೆಜ್ಜೆಯಲ್ಲಿ ಬಿದ್ದ ಕಸವನ್ನು ಊದಿ ತೆಗೆಯಿರಿ, ಬೆರಳು ಹಾಕಬೇಡಿ.

2. ಮಗ್ಗಿನಲ್ಲಿ 150 ಮಿಲಿಲೀಟರ್ ನೀರು ಹಾಕಿ, ಅದೇ ಅಳತೆಯ ಎರಡು ಪಟ್ಟು ಪುಡಿಯನ್ನು ನಿಧಾನವಾಗಿ ಉದುರಿಸಿ. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರು ಸುರಿದರೆ ಗಂಟು ಕಟ್ಟುತ್ತದೆ. ಗುಳ್ಳೆ ಏಳದಂತೆ ಕಲಸಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ.

3. ಹೆಜ್ಜೆಯ ಮೇಲೆ ನೇರ ಸುರಿಯದೆ, ಪಕ್ಕದಲ್ಲಿ ಕೋಲಿನ ಮೇಲೆ ಸುರಿದು ಒಳಗೆ ಹರಿಯಲು ಬಿಡಿ. ನೇರ ಸುರಿದರೆ ಬೆರಳಿನ ಅಂಚು ಕೊಚ್ಚಿಹೋಗುತ್ತದೆ.

4. ಮೇಲ್ಮೈ ಮೆತ್ತಗಿರುವಾಗಲೇ ಮೊಳೆಯಿಂದ ತಾರೀಖು, ಜಾಗ ಬರೆಯಿರಿ. 30 ನಿಮಿಷ ಮುಟ್ಟಬೇಡಿ. ತಂಪು ಬೆಳಿಗ್ಗೆಯಾದರೆ 45 ನಿಮಿಷ.

5. ಎರಡು ಮೂರು ಸೆಂಟಿಮೀಟರ್ ದೂರದಿಂದ ಕರಣೆ ತೂರಿಸಿ, ಮಣ್ಣಿನ ಸಮೇತ ಎತ್ತಿ. ಒಂದು ದಿನ ಒಣಗಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ನೀರಿನಲ್ಲಿ ಉಜ್ಜಿ.

ಅಚ್ಚು ಗಟ್ಟಿಯಾಗಲೇ ಇಲ್ಲವೆಂದರೆ ಪುಡಿ ಹಳೆಯದು. ನಮ್ಮ ಮಳೆಗಾಲದ ತೇವವನ್ನು ಕುಡಿದ ಪುಡಿ ಕೆಲಸಕ್ಕೆ ಬಾರದು. ಬೇಕಾದಾಗಲೇ ಕೊಂಡು, ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಇಡಿ. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯಾಗುತ್ತದೆ, ಮಕ್ಕಳು ಅದರಲ್ಲಿ ಕೈ ಅದ್ದಿಟ್ಟು ಅಚ್ಚು ತೆಗೆಯಲು ಹೋದರೆ ಸುಡುತ್ತದೆ. ಉಳಿದದ್ದನ್ನು ಬಚ್ಚಲಿಗೆ ಸುರಿದರೆ ಕೊಳವೆ ಕಟ್ಟುತ್ತದೆ.

ನಾಲ್ಕನೆಯ ಹಂತ: ತೋಟದ ಸುಳಿವು, ಸಂಜೆಯ ಬಾವಲಿ

ಅಡಿಕೆ ತೋಟದಲ್ಲಿ ಸಿಪ್ಪೆ ಚೀಪಿ ಬಿದ್ದ ಗೋಟು ಕಂಡರೆ ಬಾವಲಿಯ ಕೆಲಸ. ಕೋಕೋ ಕಾಯಿಯಲ್ಲಿ ತೂತು ತೊಟ್ಟಿನ ಹತ್ತಿರವಿದ್ದರೆ ಸಾಮಾನ್ಯವಾಗಿ ಇಲಿ, ನಡುವಿನಲ್ಲಿದ್ದರೆ ಅಳಿಲು. ಕಲ್ಲಿನ ಮೇಲೆ, ದಾರಿಯ ಮಧ್ಯೆ ಕಾಫಿ ಬೀಜವೋ ಬೈನೆ ಬೀಜವೋ ತುಂಬಿದ ಹಿಕ್ಕೆ ಇದ್ದರೆ ಪುನುಗು ಬೆಕ್ಕು ಬಂದು ಹೋಗಿದೆ ಎಂದುಕೊಳ್ಳಬಹುದು. ಎತ್ತರದ ಮರದ ಕವಲಿನಲ್ಲಿ ಎಲೆ, ಕಡ್ಡಿಯ ದೊಡ್ಡ ಉಂಡೆ ಕಂಡರೆ ಅದು ಕೆಂದಳಿಲಿನ ಗೂಡಿರಬಹುದು, ಒಂದೇ ಕೆಂದಳಿಲು ಹಲವು ಗೂಡು ಕಟ್ಟುತ್ತದೆ.

ಹೆಂಚಿನ ಸಂದಿಯಲ್ಲಿ ಬಾವಲಿಗಳಿದ್ದರೆ ಸೂರ್ಯ ಮುಳುಗುವ ಹತ್ತು ನಿಮಿಷ ಮೊದಲು ಹೊರಗೆ ಕುಳಿತು, ಅರ್ಧ ಗಂಟೆ ಹೊರಬೀಳುವವನ್ನು ಎಣಿಸಿ. ಇಬ್ಬರು ಮಕ್ಕಳು ಬೇರೆ ಬೇರೆಯಾಗಿ ಎಣಿಸಿ ಕೊನೆಗೆ ಹೋಲಿಸಲಿ. ಟಾರ್ಚ್ ಬಿಡಬೇಡಿ, ಅವು ಹೊರಬರುವುದನ್ನೇ ನಿಲ್ಲಿಸುತ್ತವೆ. ಇವು ಹುಳು ತಿನ್ನುವ ಸಣ್ಣವು, ಕೂಗಿನ ಮಾರ್ದನಿಯಿಂದ ದಾರಿ ಹುಡುಕುತ್ತವೆ. ಆಲದ ಮರಕ್ಕೆ ಜೋತುಬೀಳುವ ದೊಡ್ಡವು ಹಣ್ಣು ತಿನ್ನುತ್ತವೆ, ಕಣ್ಣು ಮತ್ತು ವಾಸನೆಯನ್ನು ನಂಬುತ್ತವೆ, ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗೂ ಮಿಗಿಲು. ಬಾವಲಿಯ ರೆಕ್ಕೆಯ ಚಿತ್ರ ಬರೆಸುವಾಗ ಮಗು ತನ್ನ ಕೈಬೆರಳನ್ನು ಅಗಲಿಸಿ ಕಾಗದದ ಮೇಲಿಟ್ಟು ಗೆರೆ ಎಳೆಯಲಿ, ಆಮೇಲೆ ಹೆಬ್ಬೆರಳು ಬಿಟ್ಟು ಉಳಿದ ನಾಲ್ಕನ್ನು ಉದ್ದ ಮಾಡಿ ಚರ್ಮ ಜೋಡಿಸಲಿ.

ಸಕ್ರೆಬೈಲು, ತ್ಯಾವರೆಕೊಪ್ಪಕ್ಕೆ ಹೋದಾಗ

ಪ್ರವಾಸಕ್ಕೆ ಮೊದಲು ಮೇಲಿನ ಹಂತಗಳು ಮುಗಿದಿರಲಿ, ಇಲ್ಲವಾದರೆ ಮಕ್ಕಳು ಪ್ರಾಣಿ ನೋಡಿ ಐಸ್‌ಕ್ರೀಮ್ ತಿಂದು ಬರುತ್ತಾರೆ ಅಷ್ಟೇ. ತುಂಗೆಯ ದಡದ ಸಕ್ರೆಬೈಲು ಬಿಡಾರಕ್ಕೆ ಬೆಳಿಗ್ಗೆ, ಆನೆಗಳಿಗೆ ಸ್ನಾನ ಮಾಡಿಸುವ ಹೊತ್ತಿಗೆ ಹೋಗಿ. ಪ್ರತಿ ಮಗುವಿಗೂ ಒಂದೊಂದು ಪ್ರಶ್ನೆ ಕೊಟ್ಟಿರಿ: ಕೂದಲು ಎಲ್ಲೆಲ್ಲಿದೆ, ಮುಂಗಾಲಿನಲ್ಲಿ ಉಗುರು ಎಷ್ಟು, ಹಿಂಗಾಲಿನಲ್ಲಿ ಎಷ್ಟು, ಹೆಣ್ಣಾನೆಯ ಮೊಲೆ ಎಲ್ಲಿದೆ. ಹಸುವಿನಂತೆ ಹಿಂಗಾಲ ನಡುವೆ ಹುಡುಕುವವರಿಗೆ ಅದು ಮುಂಗಾಲುಗಳ ನಡುವೆ, ಎದೆಯ ಮೇಲೆ ಕಾಣುತ್ತದೆ. ಒದ್ದೆ ಮಣ್ಣಿನಲ್ಲಿ ಮುಂಗಾಲಿನ ಹೆಜ್ಜೆ ಉಳಿದಿದ್ದರೆ, ಆನೆ ದೂರ ಹೋದ ಮೇಲೆ ಮಾವುತರ ಅನುಮತಿ ಪಡೆದು ದಾರದಿಂದ ಸುತ್ತಳತೆ ತೆಗೆಯಿರಿ. ಅದರ ಎರಡು ಪಟ್ಟು ಸರಿಸುಮಾರು ಭುಜದ ಎತ್ತರ.

ತ್ಯಾವರೆಕೊಪ್ಪದ ಹುಲಿ, ಸಿಂಹಧಾಮದಲ್ಲಿ ಹುಲಿಯ ಹಿಂದೆಯೇ ಓಡಬೇಡಿ. ಜಿಂಕೆಯ ಕಣ್ಣು ತಲೆಯ ಪಕ್ಕದಲ್ಲಿ, ಹುಲಿಯ ಕಣ್ಣು ಮುಂದುಗಡೆ. ಸುತ್ತಲ ಅಪಾಯ ಕಾಣಬೇಕಾದ ಪ್ರಾಣಿ ಯಾವುದು, ನೆಗೆಯುವ ದೂರ ಅಳೆಯಬೇಕಾದ ಪ್ರಾಣಿ ಯಾವುದು ಎಂದು ಅಲ್ಲೇ ನಿಂತು ಕೇಳಿ.

ದಾಖಲೆ ಪುಸ್ತಕ

ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಐದು ಅಂಕಣ ಹಾಕಿ: ತಾರೀಖು ಮತ್ತು ಹೊತ್ತು, ಜಾಗ, ಕಂಡದ್ದು, ಅಳತೆ, ಯಾವ ಪ್ರಾಣಿ. ಕೊನೆಯ ಅಂಕಣದ ಹೆಸರಿನ ಮುಂದೆ ‘ಖಚಿತ’ ಅಥವಾ ‘ಅನುಮಾನ’ ಎಂದು ಬರೆಯುವುದು ಕಡ್ಡಾಯ. ಮಕ್ಕಳಿಗೆ ‘ಅನುಮಾನ’ ಎಂದು ಬರೆಯಲು ಇಷ್ಟವಿರುವುದಿಲ್ಲ, ಪ್ರತಿ ದೊಡ್ಡ ಹೆಜ್ಜೆಯೂ ಹುಲಿಯಾಗಿಬಿಡುತ್ತದೆ. ‘ಅನುಮಾನ’ ಎಂದು ಬರೆದವರು ಕಾರಣವನ್ನೂ ಒಂದು ಸಾಲಿನಲ್ಲಿ ಬರೆದರೆ ಅದಕ್ಕೇ ಹೆಚ್ಚು ಅಂಕ ಕೊಡಿ. ಊರಿನ ಹಿರಿಯರು ಆ ಪ್ರಾಣಿಗೆ ಏನೆನ್ನುತ್ತಾರೆ ಎಂಬುದನ್ನೂ ಪಕ್ಕದಲ್ಲಿ ಸೇರಿಸಲಿ.

ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಹೆಜ್ಜೆಮಡಿಯ ಮಿಶ್ರಣವನ್ನು ಕೆತ್ತಿ ಚೀಲಕ್ಕೆ ತುಂಬಿ ಸೂರಿನಡಿ ಇಡಿ. ಮುಂದಿನ ಅಕ್ಟೋಬರ್‌ಗೆ ಮತ್ತೆ ಸೋಸಿ ಹಾಸಿದರೆ ಹೊಸ ಮರಳು ತರುವ ಕೆಲಸವಿಲ್ಲ. ಅಚ್ಚುಗಳಿಗೆ ಬೂಷ್ಟು ಹಿಡಿಯದಂತೆ ಕಾಗದದಲ್ಲಿ ಸುತ್ತಿ, ಅಡುಗೆಮನೆಯ ಹೊಗೆ ತಾಗುವ ಅಟ್ಟದಲ್ಲಿ ಇಟ್ಟರೆ ಮಳೆಗಾಲ ಕಳೆಯುತ್ತವೆ.